ಎದುರಿನ ಪ್ರಾಣಿ

ಮುಂಬೈಯ ಲೋವರ್ ಪರೇಲಿನಲ್ಲಿರುವ ನಮ್ಮ ಚಾಳಿನ, ಅಂದರೆ ಹಳೇ ವಠಾರದ, ಗ್ಯಾಲರಿಯಿಂದ ಐದು ವರ್ಷಗಳಿಂದ ಒಂದು ಪ್ರಾಣಿಯನ್ನು ನೋಡುತ್ತಿದ್ದೇನೆ. ಮುಗಿಲೆತ್ತರದ ಫ್ಲಾಟುಗಳ ಕಟ್ಟಡ, ಜನ ಅದನ್ನು ಟವರ್ ಅನ್ನುತ್ತಾರೆ. ಹಕ್ಕಿ ನೋಡುವವರ ಹಾಗೆ ನಾನೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. "ಕೆಲಸ ಇಲ್ಲದವರ ಕೆಲಸ" ಅಂತ ಹೆಂಡತಿ ಅಂದಳು. ರಿಟೈರಾದವನಿಗೆ ಅದೇನು ಬೈಗುಳವಲ್ಲ, ಅಲ್ವಾ?

ಈ ಪ್ರಾಣಿ ನಮ್ಮ ಕಡೆ ಹುಟ್ಟಿದ್ದು ಹಳೇ ಬಟ್ಟೆ ಮಿಲ್ಲುಗಳ ಜಾಗದಲ್ಲಿ, ಬಿದ್ದ ಮರದ ಮೇಲೆ ಅಣಬೆ ಎದ್ದ ಹಾಗೆ. ನಮ್ಮಪ್ಪ ಕುಂದಾಪುರದಿಂದ ಬಂದು ಮಿಲ್ ಗೇಟಿನ ಎದುರಿನ ಹೋಟೆಲಲ್ಲಿ ಟೀ ಕೊಡುತ್ತಿದ್ದರು. 1982ರ ಮಿಲ್ ಕಾರ್ಮಿಕರ ಮುಷ್ಕರ ಶುರುವಾದ ಮೇಲೆ ಗಿರಾಕಿಗಳೇ ಮಾಯ. ಆಮೇಲೆ ಹೊಗೆಕೊಳವೆಗಳೂ ಹೋದವು.

ಬೆಳೆಯುವಾಗ ಟವರ್ ಥೇಟ್ ತೆಂಗಿನ ಮರ. ಬೆಳವಣಿಗೆಯೆಲ್ಲ ತುದಿಯಲ್ಲೇ. ಅಲ್ಲಿರುವ ಕ್ರೇನೇ ಅದರ ಸುಳಿ. ತೆಂಗಿನ ಸುಳಿ ಹೋದರೆ ಮರವೇ ಹೋಯಿತು. ಇಲ್ಲಿ ಉಲ್ಟಾ. ಸುಳಿ ಕಳಚಿ ಕೆಳಗಿಳಿಸಿದ ಮೇಲೇ ಸಂಸಾರ ಶುರು.

ನೀರು ಕುಡಿಯುವುದರಲ್ಲಿ ಮಾತ್ರ ಮರದ ಮುಂದೆ ಇದು ಏನೂ ಅಲ್ಲ. ಕ್ಯಾಲಿಫೋರ್ನಿಯಾದ ಅತಿ ಎತ್ತರದ ರೆಡ್‌ವುಡ್ ಮರ ಸುಮಾರು 116 ಮೀಟರ್ ಇದೆ. ಎಲೆಯಿಂದ ನೀರು ಆವಿಯಾದ ಹಾಗೆಲ್ಲ ಬೇರಿನ ನೀರು ತಾನಾಗಿ ಮೇಲೇರುತ್ತದೆ. ಪಂಪೂ ಇಲ್ಲ, ಸದ್ದೂ ಇಲ್ಲ. ನಮ್ಮ ಪಕ್ಕದ ವರ್ಲ್ಡ್ ಒನ್ ಅನ್ನೋ ಟವರ್ 280 ಮೀಟರ್. ಅಲ್ಲಿ ಮೋಟರು ತಿರುಗಿದರಷ್ಟೇ ನೀರು.

ಇದರ ಗುಣ ಪೂರ್ತಿ ಅರ್ಥವಾಗಿದ್ದು ಗೀಜಗದಿಂದ. ಮುಂಬೈಯವರೇ ಆದ ಪಕ್ಷಿತಜ್ಞ ಸಲೀಂ ಅಲಿ ಸಮುದ್ರದಾಚೆಯ ಕಿಹೀಮ್‌ನಲ್ಲಿ ಕೂತು ಗೀಜಗಗಳನ್ನು ನೋಡಿದ್ದರು. ಗಂಡು ಗೂಡನ್ನು ಅರ್ಧ ಕಟ್ಟಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಅವಳು ಬಂದು ಒಳಗೆಲ್ಲ ನೋಡಿ ಒಪ್ಪಿದರೆ ಸರಿ, ಉಳಿದದ್ದನ್ನು ಕಟ್ಟುತ್ತದೆ. ಅವಳು ಮೊಟ್ಟೆಯಿಟ್ಟು ಕೂತ ಮೇಲೆ ಈ ಮಹಾಶಯ ಪಕ್ಕದಲ್ಲೇ ಇನ್ನೊಂದು ಗೂಡು ಶುರುಮಾಡಿ ಮತ್ತೊಬ್ಬಳನ್ನು ಕರೆಯುತ್ತಾನೆ! ಸ್ಯಾಂಪಲ್ ಫ್ಲಾಟ್ ನೋಡಲು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಒಂದು ಮಾತು ಗೀಜಗದ ಪರವಾಗಿ ಹೇಳಲೇಬೇಕು. ಯಾರೂ ಇರದ ಗೂಡನ್ನು ಅದು ಕಟ್ಟಿ ಮುಗಿಸುವುದಿಲ್ಲ.

ನಮ್ಮ ಚಾಳಿಗೆ ಈಗ ಮುಪ್ಪು. ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ. ಪೈಪಿನ ಸಂದಿಯಲ್ಲಿ ಒಂದು ಅಶ್ವತ್ಥದ ಗಿಡ. ಗೋಡೆ ಬಿರುಕು ಬಿಟ್ಟರೂ ಸರಿ, ಅದನ್ನು ಕೀಳಲು ಯಾರಿಗೂ ಧೈರ್ಯವಿಲ್ಲ. ಆದರೂ ರಾತ್ರಿ ನಮ್ಮ ಮೂರು ಮಾಳಿಗೆಯಲ್ಲೂ ದೀಪ, ಜಗಳ, ಒಗ್ಗರಣೆಯ ವಾಸನೆ. ಎದುರಿನ ನಲವತ್ತೆರಡು ಮಾಳಿಗೆಯಲ್ಲಿ ಮೊನ್ನೆ ಎಣಿಸಿದೆ. ಹದಿನೇಳು ಕಿಟಕಿಗಳಲ್ಲಿ ಬೆಳಕು.

ಅಲ್ಲಿ ಹೌಸ್‌ಕೀಪಿಂಗ್ ಮಾಡುವ ಯಾದಗಿರಿಯ ಹುಡುಗನೊಬ್ಬ ಟೀ ಅಂಗಡಿಯಲ್ಲಿ ಸಿಗುತ್ತಾನೆ. "ಖಾಲಿ ಮನೆಯಲ್ಲಿ ನಿನಗೇನಪ್ಪಾ ಕೆಲಸ?" ಅಂತ ಕೇಳಿದೆ.

"ನೀರು ಹಾಕೋದ್ರೀ ಕಾಕಾ. ವಾರಕ್ಕೊಮ್ಮೆ ಪ್ರತಿ ಬಾತ್‌ರೂಮಿನ ಮೋರಿಗೆ ಒಂದೊಂದು ಮಗ್. ಅದು ಒಣಗಿತಂದ್ರ ಗಟಾರದ ವಾಸನಿ ಮ್ಯಾಲೆ ಬರ್ತದ."