ಬಗ್ಗುವ ಫ್ರೇಮಿಗೆ ಗ್ಯಾರಂಟಿ ಕೊಡ್ತೀರಿ, ಅದರ ಬಣ್ಣಕ್ಕೂ ಕೊಡಿ

ಕನ್ನಡಕದ ಬಗ್ಗುವ ಫ್ರೇಮ್ ಮಾರುವ ರೀತಿ ಹೆಚ್ಚು ಕಡಿಮೆ ಎಲ್ಲಾ ಅಂಗಡಿಯಲ್ಲೂ ಒಂದೇ. ಕಿವಿಗೆ ಸಿಕ್ಕಿಸುವ ಕಡ್ಡಿಯನ್ನು ಬೆರಳಿಗೆ ಸುತ್ತಿ ಬಿಡುತ್ತಾರೆ. ಅದು ಟಪ್ಪಂತ ನೆಟ್ಟಗಾಗುತ್ತದೆ. ಮೂಗಿನ ಮೇಲೆ ಕೂರುವ ಭಾಗವನ್ನು ಮಡಚಿ ಬಿಡುತ್ತಾರೆ, ಅದೂ ಮೊದಲಿನ ಹಾಗೇ ಆಗುತ್ತದೆ. ನೋಡಿದವರಿಗೆ ಖುಷಿ. ಬಿಲ್ ಆಗುತ್ತದೆ. ಮುರಿಯಲ್ಲ ಅಂತ ಗ್ಯಾರಂಟಿ ಕಾರ್ಡೂ ಕೈಗೆ ಬರುತ್ತದೆ. ಆ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇರುವುದನ್ನು ನಾನು ಬಹಳ ಸಲ ನೋಡಿದ್ದೇನೆ: ಬಣ್ಣಕ್ಕೂ ಪ್ಲೇಟಿಂಗಿಗೂ ಗ್ಯಾರಂಟಿ ಇಲ್ಲ.

ನನ್ನ ತಕರಾರು ಈ ಸಾಲಿನ ಮೇಲೆಯೇ.

ನಾನು ಉಡುಪಿ ಕಡೆಯ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ನಮ್ಮಲ್ಲಿ ಸೆಕೆ ಜಾಸ್ತಿ, ಬೆವರು ಜಾಸ್ತಿ, ತಲೆಗೆ ತೆಂಗಿನೆಣ್ಣೆ ಹಚ್ಚುವವರೂ ಜಾಸ್ತಿ. ಬಗ್ಗುವ ಫ್ರೇಮ್ ಮುರಿದು ವಾಪಸ್ ಬರುವುದು ಅಪರೂಪ. ಬಣ್ಣ ಎದ್ದು ಬರುವುದೇ ಹೆಚ್ಚು. "ಫ್ರೇಮ್ ಗಟ್ಟಿ ಉಂಟು ಮಾರಾಯ್ರೆ, ಆದ್ರೆ ಇದನ್ನು ಹಾಕಿಕೊಂಡು ಮದುವೆಗೆ ಹೋಗ್ಲಿಕ್ಕೆ ಆಗುದಿಲ್ಲ" ಅಂತ ಹೇಳಿ ಕೌಂಟರ್ ಮೇಲೆ ಇಡುತ್ತಾರೆ. ಅವರ ಬೇಸರ ನ್ಯಾಯವಾದದ್ದು. ಹಣ ಕೊಟ್ಟದ್ದು ಗಟ್ಟಿತನಕ್ಕೂ ಹೌದು, ಚಂದಕ್ಕೂ ಹೌದು.

ಮೊನ್ನೆ ಒಬ್ಬರು ಟೀಚರ್ ತಂದ ಫ್ರೇಮಿನ ಕಥೆ ಹೇಳುತ್ತೇನೆ. ಕಡು ನೀಲಿ ಬಣ್ಣ, ತೆಳ್ಳಗಿನ ಕಡ್ಡಿ. ದೂರದಿಂದ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ಕಡ್ಡಿ ಮಡಚುವ ಜಾಗದಿಂದ ಒಂದು ಬೆರಳು ಹಿಂದೆ, ಹೊರಮೈಯಲ್ಲಿ ಕೂದಲೆಳೆಯಂಥ ಗೆರೆಗಳು. ಎಲ್ಲಾ ಕಡ್ಡಿಗೆ ಅಡ್ಡಡ್ಡ, ಒಂದರ ಪಕ್ಕ ಒಂದು. ಅದೇ ಜಾಗದ ಒಳಮೈಯಲ್ಲಿ ಗೆರೆ ಇಲ್ಲ, ಬಣ್ಣವೇ ಸಣ್ಣಗೆ ಉಬ್ಬಿತ್ತು. ಉಗುರು ತಾಗಿಸಿದರೆ ಚಕ್ಕೆ ಏಳುತ್ತಿತ್ತು. ಬೆಸುಗೆ ಹಾಕಿದ ಮೂಲೆಯಲ್ಲಿ ಹಸಿರು ಕಿಲುಬು. ಅವರ ಕಿವಿಯ ಮೇಲ್ಗಡೆ ಚರ್ಮ ಕೆಂಪಾಗಿ ತುರಿಕೆ ಶುರುವಾಗಿತ್ತು. ಅವರು ಅದಕ್ಕೆ ಶಾಂಪೂ ಕಾರಣ ಅಂದುಕೊಂಡಿದ್ದರು.

ಹೊರಮೈಯಲ್ಲಿ ಬಿರುಕು, ಒಳಮೈಯಲ್ಲಿ ಉಬ್ಬು. ಇಷ್ಟು ನೋಡಿದರೆ ಸಾಕು, ಏನಾಗಿದೆ ಅಂತ ಗೊತ್ತಾಗುತ್ತದೆ. ಕಡ್ಡಿ ಬಗ್ಗಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಲೆಕ್ಕ ಕಷ್ಟದ್ದಲ್ಲ. 1 ಮಿಲಿಮೀಟರ್ ದಪ್ಪದ ಕಡ್ಡಿಯನ್ನು 2 ಸೆಂಟಿಮೀಟರ್ ಅಡ್ಡಳತೆಯ ಕೊಳವೆಗೆ ಸುತ್ತಿದರೆ ಅದರ ಹೊರಮೈ ಸುಮಾರು ಶೇಕಡಾ 5ರಷ್ಟು ಹಿಗ್ಗಬೇಕು. ಸಾಮಾನ್ಯ ಸ್ಟೀಲಿಗೆ ಇದು ಆಗದ ಮಾತು. ಶೇಕಡಾ 1ಕ್ಕಿಂತ ಮೊದಲೇ ಅದು ಸೋತು ಬಾಗಿದ ಹಾಗೇ ಉಳಿಯುತ್ತದೆ. ನಿಕಲ್ ಮತ್ತು ಟೈಟಾನಿಯಂ ಸೇರಿಸಿ ಮಾಡಿದ ನಿಟಿನಾಲ್ ಮಾತ್ರ ಶೇಕಡಾ 8ರ ತನಕ ಹಿಗ್ಗಿಯೂ ಮೊದಲಿನ ಆಕಾರಕ್ಕೆ ಬರಬಲ್ಲದು. ಲೋಹವೇನೋ ಬಂತು. ಅದರ ಮೇಲಿನ ಬಣ್ಣವೂ ಶೇಕಡಾ 5 ಹಿಗ್ಗಿ ವಾಪಸ್ ಬರಬೇಕು, ಅಲ್ವಾ? ಅಂಗಡಿಯಲ್ಲಿ ತೋರಿಸುವಾಗ ಒಂದು ಸಲ, ಮನೆಯಲ್ಲಿ ಮಗು ಎಳೆದಾಗ ಇನ್ನೊಂದು ಸಲ, ಒಂದೇ ಕೈಯಲ್ಲಿ ಕನ್ನಡಕ ತೆಗೆಯುವವರಾದರೆ ದಿನಾ ಸ್ವಲ್ಪ ಸ್ವಲ್ಪ.

ನಿಟಿನಾಲ್ ಬಂದದ್ದು ಅಮೆರಿಕದ ಮೇರಿಲ್ಯಾಂಡಿನ ನೌಕಾಪಡೆಯ ಪ್ರಯೋಗಾಲಯದಿಂದ. 1959ರ ಸುಮಾರಿಗೆ ವಿಲಿಯಂ ಬ್ಯೂಲರ್ ಈ ಮಿಶ್ರಲೋಹದ ಮೇಲೆ ಕೆಲಸ ಮಾಡುತ್ತಿದ್ದರು. 1961ರ ಒಂದು ಸಭೆಯಲ್ಲಿ ಮಡಿಕೆ ಮಡಿಕೆಯಾಗಿದ್ದ ಪಟ್ಟಿಗೆ ಯಾರೋ ಪೈಪಿನ ಲೈಟರ್ ಹಿಡಿದರಂತೆ, ಅದು ಎಲ್ಲರ ಎದುರೇ ನೆಟ್ಟಗಾಯಿತಂತೆ. ಕನ್ನಡಕಕ್ಕೆ ಆ ಬಿಸಿಯೂ ಬೇಕಿಲ್ಲ, ಮಾಮೂಲಿ ಹವೆಯಲ್ಲೇ ಅದು ಎದ್ದು ನಿಲ್ಲುತ್ತದೆ. 1980ರ ದಶಕದಲ್ಲಿ ಇದರ ಫ್ರೇಮುಗಳು ಮಾರುಕಟ್ಟೆಗೆ ಬಂದವು. ಅಂದಿನಿಂದ ಜಾಹೀರಾತೆಲ್ಲ ಬಗ್ಗುವುದರ ಮೇಲೆಯೇ. ಬಣ್ಣದ ಮಾತು ಬಂದರೆ ಎಷ್ಟು ಶೇಡ್ ಇದೆ ಅಂತ ಹೇಳುತ್ತಾರೆಯೇ ಹೊರತು ಎಷ್ಟು ದಿನ ಬಾಳುತ್ತದೆ ಅಂತ ಹೇಳುವವರು ಕಡಿಮೆ.

ಈ ಲೋಹಕ್ಕೆ ಬಣ್ಣ ಹಿಡಿಸುವುದು ನಿಜಕ್ಕೂ ಕಷ್ಟದ ಕೆಲಸ. ಟೈಟಾನಿಯಂ ಇರುವ ಲೋಹಕ್ಕೆ ಗಾಳಿ ತಾಗಿದ ಕೂಡಲೇ ಮೇಲೊಂದು ತೆಳು ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಲೋಹವನ್ನು ಕಾಯುವುದು ಅದೇ ಪೊರೆ, ಆದರೆ ಪೇಂಟ್ ಸರಿಯಾಗಿ ಅಂಟದಂತೆ ಮಾಡುವುದೂ ಅದೇ. ಹಾಗಾಗಿ ಮೊದಲು ಮೇಲ್ಮೈಯನ್ನು ಒರಟು ಮಾಡಬೇಕು, ಆಸಿಡ್ಡಿನಲ್ಲಿ ಅದ್ದಬೇಕು, ಪ್ರೈಮರ್ ಹಾಕಬೇಕು. ಎಲ್ಲಕ್ಕಿಂತ ಮುಂಚೆ ಎಣ್ಣೆ ಜಿಡ್ಡು ಒಂದಿಷ್ಟೂ ಉಳಿಯದ ಹಾಗೆ ತೊಳೆಯಬೇಕು. ಕಣ್ಣಿಗೆ ಕಾಣದ ಈ ಕೆಲಸದಲ್ಲೇ ಅಗ್ಗದ ಫ್ರೇಮಿನವರು ಉಳಿತಾಯ ಮಾಡುತ್ತಾರೆ. ಹೊಸದಾಗಿದ್ದಾಗ ಎರಡೂ ಒಂದೇ ರೀತಿ ಹೊಳೆಯುತ್ತವೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಬಂಡವಾಳ ಗೊತ್ತಾಗುತ್ತದೆ.

"ಐಪಿ ಕೋಟಿಂಗ್ ಸರ್, ಜನ್ಮದಲ್ಲಿ ಹೋಗಲ್ಲ" ಅಂತ ಹೇಳುವ ಸೇಲ್ಸ್‌ಮನ್‌ಗಳು ನಮ್ಮಲ್ಲಿಗೂ ಬರುತ್ತಾರೆ. ಐಪಿ ಅಂದರೆ ಅಯಾನ್ ಪ್ಲೇಟಿಂಗ್. ನಿರ್ವಾತ ಮಾಡಿದ ಪೆಟ್ಟಿಗೆಯೊಳಗೆ ಲೋಹವನ್ನು ಆವಿ ಮಾಡಿ ಫ್ರೇಮಿನ ಮೇಲೆ ಕೂರಿಸುತ್ತಾರೆ. ಟೈಟಾನಿಯಂ ಜೊತೆ ನೈಟ್ರೋಜನ್ ಸೇರಿದರೆ ಚಿನ್ನದ ಬಣ್ಣ ಬರುತ್ತದೆ. ಪದರ ಒಂದೆರಡು ಮೈಕ್ರಾನ್ ಅಷ್ಟೇ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಪೇಂಟ್ ಆದರೆ ಹತ್ತಾರು ಮೈಕ್ರಾನ್ ಇರುತ್ತದೆ. ಅಷ್ಟು ತೆಳುವಾದರೂ ಈ ಪದರ ಬಹಳ ಗಡಸು, ಕೀಲಿಕೈ ಉಜ್ಜಿದರೂ ಸುಲಭಕ್ಕೆ ಗೀರು ಬೀಳಲ್ಲ. ಕೈಗಡಿಯಾರದ ಕೇಸಿಗೆ, ಬಗ್ಗದ ಫ್ರೇಮಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆದರೆ ಗಡಸು ಬೇರೆ, ಹಿಗ್ಗುವ ಗುಣ ಬೇರೆ. ಇದು ಸೆರಾಮಿಕ್ ಜಾತಿಯ ಪದರ. ಶೇಕಡಾ 5 ಹಿಗ್ಗು ಅಂದರೆ ಬಿರಿಯುತ್ತದೆ. ಇನ್ನೊಂದು ತೊಡಕೂ ಇದೆ. ನಿಟಿನಾಲಿಗೆ ಆ ಸ್ಪ್ರಿಂಗ್ ಗುಣ ಬರುವುದೇ ಹದವಾಗಿ ಕಾಯಿಸಿದ್ದರಿಂದ. ಕೋಟಿಂಗ್ ಮಾಡುವಾಗ ಶಾಖ 400 ಡಿಗ್ರಿ ದಾಟಿದರೆ ಆ ಹದವೇ ಕೆಡಬಹುದು. ಹಾಗಾಗಿ ಕಡಿಮೆ ಶಾಖದಲ್ಲಿ ಮಾಡುವುದನ್ನು ಬಲ್ಲವರೇ ಬೇಕು.

ಬಗ್ಗುವ ಜಾಗಕ್ಕೆ ಬೇಕಾದದ್ದು ಗಡಸು ಪದರ ಅಲ್ಲ, ಹಿಗ್ಗುವ ಪದರ. ಒಳ್ಳೆಯ ಪಾಲಿಯುರೆಥೇನ್ ಪೇಂಟ್ ಹಿಗ್ಗುತ್ತದೆ. ಗೀರು ಸ್ವಲ್ಪ ಬೇಗ ಬೀಳಬಹುದು, ಆದರೆ ಬಿರಿಯಲ್ಲ. ಬಿರಿಯದಿದ್ದರೆ ಬೆವರು ಒಳಗೆ ಇಳಿಯಲ್ಲ. ಬೆವರು ಇಳಿಯದಿದ್ದರೆ ಚಕ್ಕೆ ಏಳಲ್ಲ.

ನನ್ನನ್ನು ಕೇಳಿದರೆ ಬಣ್ಣ ಬೇಕಾದಲ್ಲಿ ಮಾತ್ರ ಹಾಕಬೇಕು. ಲೆನ್ಸಿನ ಸುತ್ತಲಿನ ರಿಮ್ಮಿಗೆ ಎಷ್ಟು ಗಾಢ ಬಣ್ಣ ಬೇಕಾದರೂ ಹಾಕಲಿ, ಅದು ಹೆಚ್ಚು ಬಗ್ಗಲ್ಲ, ಎದುರಿಗೆ ಕಾಣುವುದೂ ಅದೇ. ಬಗ್ಗುವ ಕಡ್ಡಿಯನ್ನು ಬರೀ ಲೋಹದ ಬೂದು ಬಣ್ಣದಲ್ಲೇ ಬಿಡಲಿ. ಚೆನ್ನಾಗಿ ಪಾಲಿಶ್ ಮಾಡಿದ ಟೈಟಾನಿಯಂ ಬೂದು ನನ್ನ ಕಣ್ಣಿಗೆ ಬಹಳ ಗಂಭೀರವಾಗಿ ಕಾಣುತ್ತದೆ. ಹೀಗೆ ಮಾಡಿದ ಫ್ರೇಮುಗಳು ಮಾರುಕಟ್ಟೆಯಲ್ಲಿ ಇವೆ. ಆದರೆ ಗಿರಾಕಿಗಳು "ಕಡ್ಡಿಗೆ ಬಣ್ಣ ಇಲ್ವಾ?" ಅಂತ ಪಕ್ಕಕ್ಕೆ ಇಡುತ್ತಾರೆ. ದಯವಿಟ್ಟು ಇಡಬೇಡಿ.

ಟೈಟಾನಿಯಂಗೆ ಬಣ್ಣವನ್ನೇ ಹಚ್ಚದೆ ಬಣ್ಣ ಬರಿಸುವ ದಾರಿಯೂ ಇದೆ. ಅನೋಡೈಸಿಂಗ್ ಅಂತಾರೆ. ದ್ರಾವಣದಲ್ಲಿ ಅದ್ದಿ ಕರೆಂಟ್ ಹಾಯಿಸಿದರೆ ಮೇಲಿನ ಆಕ್ಸೈಡ್ ಪೊರೆ ದಪ್ಪವಾಗುತ್ತದೆ. ಪೊರೆ ಎಷ್ಟು ದಪ್ಪ ಅನ್ನುವುದರ ಮೇಲೆ ಬೆಳಕು ಬೇರೆ ಬೇರೆ ಬಣ್ಣವಾಗಿ ಕಾಣುತ್ತದೆ. ವೋಲ್ಟೇಜ್ ಕಡಿಮೆ ಇದ್ದರೆ ಕಂಚಿನ ಬಣ್ಣ, ಸ್ವಲ್ಪ ಏರಿಸಿದರೆ ನೇರಳೆ, 30 ವೋಲ್ಟ್ ಹತ್ತಿರ ನೀಲಿ, ಇನ್ನೂ ಏರಿಸಿದರೆ ಹಳದಿ, ಗುಲಾಬಿ, ಹಸಿರು. ಒಂದು ಹನಿ ಪೇಂಟ್ ಇಲ್ಲ! ಮೊದಲ ಸಲ ನೋಡಿದಾಗ ನನಗೆ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಪೊರೆ ಲೋಹದಿಂದಲೇ ಬೆಳೆದದ್ದಾದ್ದರಿಂದ ಪೇಂಟಿನ ಹಾಗೆ ಚಕ್ಕೆ ಎದ್ದು ಬರಲ್ಲ. ಆದರೆ ಬಹಳ ತೆಳು, ಕಿವಿಗೆ ಉಜ್ಜುವ ಜಾಗದಲ್ಲಿ ನಿಧಾನಕ್ಕೆ ಸವೆಯುತ್ತದೆ. ಎಣ್ಣೆ ಕೈ ತಾಗಿದರೆ ಬಣ್ಣ ಮಂಕಾಗಿ ಕಾಣುತ್ತದೆ. ಒರೆಸಿದರೆ ಮತ್ತೆ ಬರುತ್ತದೆ, ಗಾಬರಿ ಬೇಡ.

ಈಗ ಆ ಟೀಚರ್ ಕಿವಿಯ ತುರಿಕೆಗೆ ಬರೋಣ. ಯಾಕಂದರೆ ಬಣ್ಣದ ಮಾತು ಬರೀ ಚಂದದ ಮಾತಲ್ಲ. ನಿಟಿನಾಲಿನ ತೂಕದಲ್ಲಿ ಸುಮಾರು ಶೇಕಡಾ 55 ನಿಕಲ್. ಸರಿಯಾಗಿ ಪಾಲಿಶ್ ಮಾಡಿದ ನಿಟಿನಾಲ್ ತನ್ನ ಆಕ್ಸೈಡ್ ಪೊರೆಯಿಂದ ನಿಕಲ್ಲನ್ನು ಒಳಗೇ ಹಿಡಿದಿಡುತ್ತದೆ. ತೊಂದರೆ ಹೆಚ್ಚಾಗಿ ಬರುವುದು ಬೇರೆ ಭಾಗಗಳಿಂದ. ಎಷ್ಟೋ ಫ್ರೇಮುಗಳಲ್ಲಿ ಬಗ್ಗುವ ಕಡ್ಡಿ ಮತ್ತು ಮೂಗಿನ ಭಾಗ ಮಾತ್ರ ನಿಟಿನಾಲ್. ರಿಮ್ಮು, ಮೂಲೆ ಎಲ್ಲ ಮೋನೆಲ್ ಅಥವಾ ಅಂಥದ್ದೇ ನಿಕಲ್ ತಾಮ್ರದ ಮಿಶ್ರಣ. ಹಸಿರು ಕಿಲುಬು ಬರುವುದು ಆ ತಾಮ್ರದಿಂದ. ಅಲ್ಲಿ ಚರ್ಮಕ್ಕೂ ಲೋಹಕ್ಕೂ ನಡುವೆ ಇರುವುದು ಬಣ್ಣದ ಪದರ ಒಂದೇ. ಅದು ಬಿರಿದರೆ ಬೆವರಿನ ಉಪ್ಪು ಒಳಗೆ ಇಳಿಯುತ್ತದೆ, ನಿಕಲ್ ಹೊರಗೆ ಬರುತ್ತದೆ. ನಿಕಲ್ ಆಗದವರಿಗೆ ತುರಿಕೆ, ಕೆಂಪು ಗುಳ್ಳೆ. ಒಮ್ಮೆ ಈ ಅಲರ್ಜಿ ಅಂಟಿದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಆಮೇಲೆ ಕಿವಿಯೋಲೆ, ವಾಚು, ಬೆಲ್ಟಿನ ಬಕಲ್ ಎಲ್ಲದಕ್ಕೂ ಹೆದರಬೇಕು.

ಯುರೋಪಿನವರು ಇದಕ್ಕೆ ಕಾನೂನನ್ನೇ ಮಾಡಿದ್ದಾರೆ. 1994ರಲ್ಲಿ ಶುರುವಾದದ್ದು. ಚರ್ಮಕ್ಕೆ ಬಹಳ ಹೊತ್ತು ತಾಗಿಕೊಂಡಿರುವ ವಸ್ತುವಿನಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಬಿಡುಗಡೆ ಆಗಬಾರದು. ಮೇಲೆ ಕೋಟಿಂಗ್ ಇದ್ದರೆ, ಮಾಮೂಲಿ ಬಳಕೆಯಲ್ಲಿ ಕನಿಷ್ಠ 2 ವರ್ಷ ಆ ಕೋಟಿಂಗ್ ಇದನ್ನು ಕಾಪಾಡಬೇಕು. ಅದಕ್ಕೆಂದೇ ಫ್ರೇಮನ್ನು ಮೊದಲು ಸವೆಸಿ, ಆಮೇಲೆ ನಿಕಲ್ ಪರೀಕ್ಷೆ ಮಾಡುತ್ತಾರೆ. ನೋಡಿ, ಕೋಟಿಂಗ್ ಇಷ್ಟು ವರ್ಷ ಬಾಳಬೇಕು ಅಂತ ಒಂದು ಕಡೆ ಕಾನೂನೇ ಹೇಳುತ್ತದೆ. ನಮ್ಮ ಕೈಗೆ ಬರುವ ಕಾರ್ಡಿನಲ್ಲಿ ಮಾತ್ರ ಬಣ್ಣಕ್ಕೆ ಗ್ಯಾರಂಟಿ ಇಲ್ಲ ಅಂತ ಇರುತ್ತದೆ. ಇದನ್ನು ನಾನು ಒಪ್ಪಲ್ಲ.

ಪ್ಲಾಸ್ಟಿಕ್ಕಿನ ಬಗ್ಗುವ ಫ್ರೇಮುಗಳ ಬಗ್ಗೆ ಸ್ವಲ್ಪ ಹೇಳಿ ಮುಗಿಸುತ್ತೇನೆ. ಟಿಆರ್-90 ಅಂತ ಎಲ್ಲರೂ ಹೇಳುವುದು ಒಂದು ಜಾತಿಯ ನೈಲಾನ್. ಹಗುರ, ಚೆನ್ನಾಗಿ ಬಗ್ಗುತ್ತದೆ, ಮಕ್ಕಳಿಗೆ ಬಹಳ ಒಳ್ಳೆಯದು. ಇದರಲ್ಲಿ ಬಣ್ಣವನ್ನು ಅಚ್ಚಿಗೆ ಹಾಕುವ ಮೊದಲೇ ಪ್ಲಾಸ್ಟಿಕ್ ಕಾಳಿನಲ್ಲಿ ಬೆರೆಸಿದ್ದರೆ ನಿಶ್ಚಿಂತೆ. ಗೀರು ಬಿದ್ದರೂ ಒಳಗೂ ಅದೇ ಬಣ್ಣ. ತೊಂದರೆ ಇರುವುದು ಮೇಲೆ ರಬ್ಬರಿನ ಹಾಗೆ ಮೆತ್ತಗಿನ ಮ್ಯಾಟ್ ಕೋಟಿಂಗ್ ಹಾಕಿದ್ದರಲ್ಲಿ. ಕೈಗೆ ಹಿತವಾಗಿರುತ್ತದೆ, ಶೋಕೇಸಿನಲ್ಲಿ ಚಂದ ಕಾಣುತ್ತದೆ. ಆದರೆ ನಮ್ಮ ಕರಾವಳಿಯ ತೇವದ ಹವೆಗೆ, ಬೆವರಿಗೆ, ಎಣ್ಣೆಗೆ ಆ ಪದರವೇ ಕರಗಿದ ಹಾಗಾಗಿ ಅಂಟಂಟು ಆಗುತ್ತದೆ. ಸ್ಯಾನಿಟೈಸರ್ ಹಾಕಿ ಒರೆಸಿದರೆ ಇನ್ನೂ ಬೇಗ. ಒಮ್ಮೆ ಅಂಟಾದರೆ ಸರಿ ಮಾಡಲು ಆಗಲ್ಲ. ಕರಾವಳಿಯವರು ಆ ರಬ್ಬರ್ ಫಿನಿಶ್ ತಗೊಳ್ಳಬೇಡಿ ಅಂತಲೇ ನಾನು ಹೇಳುವುದು.

ಈ ಕೆಲಸ ಚೆನ್ನಾಗಿ ಮಾಡುವುದು ಸಾಧ್ಯವೇ? ಖಂಡಿತ ಸಾಧ್ಯ. ಜಪಾನಿನ ಸಬಾಯೆ ಎಂಬ ಊರು 1980ರ ದಶಕದ ಮೊದಲಿಂದಲೂ ಟೈಟಾನಿಯಂ ಫ್ರೇಮ್ ಮಾಡುತ್ತಾ ಬಂದಿದೆ. ಜಪಾನಿನಲ್ಲಿ ತಯಾರಾಗುವ ಫ್ರೇಮುಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಆ ಊರಿನ ಸುತ್ತಮುತ್ತಲಿನದೇ. ಅಲ್ಲಿಂದ ಬರುವ ಬೀಟಾ ಟೈಟಾನಿಯಂ ಕಡ್ಡಿ ನಿಟಿನಾಲಿನಷ್ಟು ಬಗ್ಗಲ್ಲ, ಆದರೆ ಸ್ಪ್ರಿಂಗ್ ಗುಣ ಚೆನ್ನಾಗಿದೆ, ನಿಕಲ್ ಇಲ್ಲ. ಕಡಿಮೆ ಬಗ್ಗುವುದರಿಂದ ಬಣ್ಣಕ್ಕೂ ಕಷ್ಟ ಕಡಿಮೆ. ನಮ್ಮಲ್ಲೂ ವಿದ್ಯೆ ಇಲ್ಲ ಅಂತೇನಿಲ್ಲ. ವಿಮಾನ ಸಂಶೋಧನೆ ಮಾಡುವ ಬೆಂಗಳೂರಿನ ಸರ್ಕಾರಿ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ನಿಕಲ್ ಟೈಟಾನಿಯಂ ಮಿಶ್ರಲೋಹದ ಮೇಲೂ ಕೆಲಸ ಆಗಿದೆ, ಲೋಹದ ಮೇಲಿನ ತೆಳು ಲೇಪನಗಳ ಮೇಲೂ ಆಗಿದೆ. ವಿಮಾನಕ್ಕೆ ಬಳಸುವ ಜ್ಞಾನ ನಾವು ದಿನಾ ಕಿವಿಗೆ ಸಿಕ್ಕಿಸಿಕೊಳ್ಳುವ ವಸ್ತುವಿಗೂ ಬರಲಿ ಅಂತ ನನಗೆ ಬಹಳ ಆಸೆ.

ಫ್ರೇಮ್ ಮಾಡುವವರಿಗೆ ನನ್ನ ಬೇಡಿಕೆ ಒಂದೇ. ಬಣ್ಣವನ್ನು ಪರೀಕ್ಷೆ ಮಾಡುವಾಗ ಮೊದಲು ಕಡ್ಡಿಯನ್ನು ನೂರಾರು ಸಲ ಬಗ್ಗಿಸಿ, ಆಮೇಲೆ ಬೆವರಿನಂಥ ಉಪ್ಪಿನ ದ್ರಾವಣದಲ್ಲಿ ಇಡಿ. ಹೊಸ ಫ್ರೇಮನ್ನು ಬಗ್ಗಿಸದೆ ಬೆವರಿನ ಪರೀಕ್ಷೆ ಮಾಡಿದರೆ ಬಗ್ಗುವ ಫ್ರೇಮಿನ ಮಟ್ಟಿಗೆ ಅದು ಅರ್ಧ ಪರೀಕ್ಷೆ. ಅದರಲ್ಲಿ ಗೆದ್ದರೆ ಬಣ್ಣಕ್ಕೂ ಒಂದು ವರ್ಷ, ಆಗುವುದಾದರೆ ಎರಡು ವರ್ಷ, ಗ್ಯಾರಂಟಿ ಬರೆದು ಕೊಡಿ.

ಕೊಳ್ಳುವವರು ಅಂಗಡಿಯಲ್ಲಿ ಕೇಳಿ: ಬಗ್ಗುವ ಭಾಗ ಯಾವ ಲೋಹ, ಉಳಿದದ್ದು ಯಾವುದು, ಬಣ್ಣ ಪೇಂಟೋ ಅಯಾನ್ ಪ್ಲೇಟಿಂಗೋ ಅನೋಡೈಸಿಂಗೋ. ಉತ್ತರವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಿಮಗಾಗಿ ಇಟ್ಟ ಫ್ರೇಮನ್ನು ಬೆರಳಿಗೆ ಸುತ್ತಿ ತೋರಿಸಲು ಬಂದರೆ ಬೇಡ ಅನ್ನಿ, ಡೆಮೋ ಪೀಸ್ ತೋರಿಸಲಿ. ಮನೆಯಲ್ಲಿ ತಲೆಗೆ ಎಣ್ಣೆ ಹಚ್ಚುವಾಗ, ಸ್ಪ್ರೇ ಹೊಡೆಯುವಾಗ ಕನ್ನಡಕ ತೆಗೆದಿಡಿ. ರಾತ್ರಿ ತಣ್ಣೀರಲ್ಲಿ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು ಒರೆಸಿ. ಕಡ್ಡಿ ಮಡಚುವ ಜಾಗ, ನೋಸ್ ಪ್ಯಾಡಿನ ಹಿಂದೆ ಮರೆಯಬೇಡಿ, ಬೆವರು ಕೂರುವುದು ಅಲ್ಲೇ. ಕಿವಿಯ ಹತ್ತಿರ ಅಥವಾ ಮೂಗಿನ ಪಕ್ಕ ತುರಿಕೆ ಇದ್ದರೆ ಫ್ರೇಮನ್ನು ಬೆಳಕಿಗೆ ಹಿಡಿದು ನೋಡಿ, ಬಿರುಕು ಕಂಡರೆ ಅದನ್ನು ಹಾಕಿಕೊಳ್ಳುವುದು ನಿಲ್ಲಿಸಿ, ಚರ್ಮದ ಡಾಕ್ಟರಿಗೆ ತೋರಿಸಿ.

ನಿಮ್ಮ ಹತ್ತಿರ ಬಣ್ಣ ಎದ್ದ ಬಗ್ಗುವ ಫ್ರೇಮ್ ಇದ್ದರೆ ಎದ್ದ ಜಾಗದ ಫೋಟೊ ಕಾಮೆಂಟಿನಲ್ಲಿ ಹಾಕಿ. ಕಂಪನಿ ಹೆಸರು ಬೇಡ. ಯಾವ ಊರು, ಎಷ್ಟು ತಿಂಗಳಿಗೆ ಎದ್ದಿತು, ಒಳಮೈಯೋ ಹೊರಮೈಯೋ ಅಷ್ಟು ಬರೆದರೆ ಸಾಕು. ಮುಂದಿನ ಸಲ ಡೀಲರ್ ಬಂದಾಗ ಅವರ ಮುಂದೆ ಇಡುತ್ತೇನೆ.