ಮನೆ ನೋಡಕ್ಕೆ ಟಿಕೆಟ್ಟಾ?

ಎಡಿನ್‌ಬರಾಗೆ ಬಂದು ಒಂಬತ್ತು ವರ್ಷ ಆಯ್ತು, ಅದ್ರಲ್ಲಿ ನಾಲ್ಕು ವರ್ಷದಿಂದ ಇಲ್ಲಿನ ಹಳೇ ಕಟ್ಟಡ ಉಳಿಸೋ ಒಂದು ಸಂಘಕ್ಕೆ ಮೆಂಬರ್ ಆಗಿದೀನಿ. ಬೇರೆಯೋರು ಪತ್ರ ಬರೀತಾರೆ, ತಕರಾರು ಹಾಕ್ತಾರೆ, ನನ್ನ ಕೆಲಸ ಮಾತ್ರ ಬೇಸಿಗೇಲಿ ಶನಿವಾರ ಬಸ್ ಹತ್ತಿ ಯಾವ್ದಾದ್ರೂ ಹಳೇ ಮನೆಗೆ ಹೋಗಿ, ಟೀ ಕುಡ್ದು ಸ್ಕೋನ್ ತಿಂದು ಬರೋದು. ಬಸ್ಸಲ್ಲಿ ನಾನೇ ಚಿಕ್ಕೋನು, ಉಳಿದೋರೆಲ್ಲ ರಿಟೈರ್ಡ್. ಒಬ್ರು ಟೀಚರಮ್ಮ ಈಗ್ಲೂ ಎಲ್ರದ್ದೂ ಹಾಜರಿ ತಗೋತಾರೆ.

ಇಂಥ ಸಂಘಗಳನ್ನ ಕಟ್ಕೊಂಡಿದ್ದೇ ಜಗಳಕ್ಕೆ. 1956ರಲ್ಲಿ ಇಲ್ಲಿನ ಜಾರ್ಜ್ ಸ್ಕ್ವೇರ್‌ನ ಹಳೇ ಮನೆಗಳನ್ನ ಯೂನಿವರ್ಸಿಟಿಗೋಸ್ಕರ ಕೆಡವ್ತಾರೆ ಅಂತ ಆದಾಗ ಸ್ಕಾಟಿಷ್ ಜಾರ್ಜಿಯನ್ ಸೊಸೈಟಿ ಹುಟ್ಕೊಂತು. ಜಗಳದಲ್ಲಿ ಸೋತ್ರು, ಬಹಳಷ್ಟು ಮನೆಗಳು ಹೋದ್ವು, ಸಂಘ ಮಾತ್ರ ಉಳೀತು, ಈಗ ಅದ್ರ ಹೆಸ್ರು ಆರ್ಕಿಟೆಕ್ಚರಲ್ ಹೆರಿಟೇಜ್ ಸೊಸೈಟಿ ಆಫ್ ಸ್ಕಾಟ್ಲೆಂಡ್.

ಮನೆ ನೋಡೋ ಪದ್ಧತಿ ಒಂಥರಾ ಮಡಿ. ಬ್ಯಾಗ್ ಬೆನ್ನಿಗಲ್ಲ ಎದೆಗೆ ಹಾಕೋಬೇಕು, ಬಿಸಿಲಿಗೆ ಬಟ್ಟೆ ಬಣ್ಣ ಹೋಗುತ್ತೆ ಅಂತ ಪರದೆ ಎಳೆದಿರ್ತಾರೆ. ಎಷ್ಟೋ ಕಡೆ ಕೂರಬೇಡಿ ಅಂತ ಬೋರ್ಡೂ ಇರಲ್ಲ, ಕುರ್ಚಿ ಮೇಲೆ ಒಂದು ಒಣಗಿದ ಮುಳ್ಳುಹೂವು ಇಟ್ಟಿರ್ತಾರೆ ಅಷ್ಟೇ, ಜಾಣನಾದೋನು ಅರ್ಥ ಮಾಡ್ಕೋಬೇಕು. ಮೊದಲ ಸಲ ನಾನು ಅದನ್ನ ಎತ್ತಿ ಪಕ್ಕಕ್ಕಿಟ್ಟು ಕೂತ್ಕೊಂಡಿದ್ದೆ, ಟೀಚರಮ್ಮನ ಮುಖ ನೋಡ್ಬೇಕಿತ್ತು.

ಟ್ರಾಕ್ವೇರ್ ನಂಗೆ ತುಂಬಾ ಇಷ್ಟ ಆಗಿದ್ದು ಅಲ್ಲಿ ಇನ್ನೂ ಜನ ವಾಸ ಇದಾರೆ ಅನ್ನೋದಕ್ಕೆ. 1491ರಿಂದ ಒಂದೇ ವಂಶದ ಕೈಲಿರೋ ಮನೆ. 1745ರಲ್ಲಿ, ಬ್ರಿಟನ್ನಿನ ಪಟ್ಟ ಕಳ್ಕೊಂಡಿದ್ದ ಸ್ಟುವರ್ಟ್ ವಂಶದ ರಾಜಕುಮಾರ ಬಂದು ಹೋದ್ಮೇಲೆ, ಮತ್ತೆ ಸ್ಟುವರ್ಟ್ ವಂಶದೋನು ಪಟ್ಟಕ್ಕೆ ಬರೋವರೆಗೂ ಹೆಬ್ಬಾಗಿಲು ತೆಗಿಯಲ್ಲ ಅಂತ ಮುಚ್ಚಿದ್ರಂತೆ, ಇವತ್ತಿಗೂ ಮುಚ್ಚೇ ಇದೆ, ಎಲ್ರೂ ಪಕ್ಕದ ದಾರೀಲೇ ಓಡಾಡೋದು. ಹಠ ಅಂದ್ರೆ ಅದು. ಆದ್ರೆ ಹಠದಿಂದ ಸೂರು ರಿಪೇರಿ ಆಗುತ್ತಾ, ಅದಕ್ಕೆ 1965ರಲ್ಲಿ ಮನೇಲಿದ್ದ ಹಳೇ ಬಿಯರ್ ಹಂಡೆಗಳನ್ನೇ ತೊಳೆದು ಬಿಯರ್ ಮಾಡಿ ಮಾರಕ್ಕೆ ಶುರು ಮಾಡಿದ್ರು.

ಗ್ಲಾಸ್ಗೋದ ಟೆನೆಮೆಂಟ್ ಹೌಸ್ ಅರಮನೆ ಏನಲ್ಲ, ವಠಾರದ ಒಂದು ಮನೆ. ಆಗ್ನೆಸ್ ಟುವರ್ಡ್ ಅನ್ನೋ ಟೈಪಿಸ್ಟ್ 1911ರಿಂದ 1965ರವರೆಗೂ ಅಲ್ಲಿದ್ರು, ಏನನ್ನೂ ಎಸೀತಿರ್ಲಿಲ್ಲ. ಅವ್ರು 1929ರಲ್ಲಿ ಮಾಡಿಟ್ಟ ಪ್ಲಮ್ ಜಾಮ್ ಬಾಟ್ಲಿನೂ ಉಳಿದಿದೆ! ನಮ್ಮಜ್ಜಿ ಅಪ್ಪೆಮಿಡಿ ಜಾಡಿ ಎದುರಿಗೆ ಬಂದಂಗಾಯ್ತು ನಂಗೆ.

ಹಂಗಂತ ಎಲ್ಲಾ ಕಡೆ ಕೈಮುಗಿಯಕ್ಕಾಗಲ್ಲ. ಉತ್ತರದಲ್ಲಿ ನೋವರ್ ಎಸ್ಟೇಟಿನ ಮೇಲೆ ಫೈರಿಷ್ ಗುಡ್ಡದಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಜನರಲ್ ಹೆಕ್ಟರ್ ಮನ್ರೋ ಕಟ್ಟಿಸಿದ ಕಮಾನು ಇದೆ, ನಾಗಪಟ್ಟಣದ ಕೋಟೆ ಬಾಗಿಲಿನ ನಕಲು. 1780ರಲ್ಲಿ ಪೊಳ್ಳಿಲೂರಲ್ಲಿ ಹೈದರ್-ಟಿಪ್ಪು ಅವನ ಜೊತೆ ಸೇರಕ್ಕೆ ಬರ್ತಿದ್ದ ಸೈನ್ಯವನ್ನ ಹೊಡೆದಾಗ ಕಂಚಿಯ ಕೆರೆಗೆ ಫಿರಂಗಿ ಎಸೆದು ಮದ್ರಾಸಿಗೆ ವಾಪಸ್ ಓಡಿದೋನು ಇದೇ ಮನ್ರೋ. ಬಸ್ಸಲ್ಲಿ ನಾನು ಆ ಕತೆ ಹೇಳಿದೆ, ಟೀಚರಮ್ಮ ನೋಟ್‌ಬುಕ್ ತೆಗ್ದು ಬರ್ಕೊಂಡ್ರು.

ಇಲ್ಲಿನ ದೊಡ್ಡ ಮನೆಗಳು ಇಡಿಯಾಗಿ ಉಳಿದಿದ್ದಕ್ಕೆ ಒಂದು ಕಾರಣ ಯಾರೂ ಬಾಯ್ಬಿಟ್ಟು ಹೇಳಲ್ಲ, ಉಯಿಲು ಇಲ್ದಿದ್ರೆ ಜಮೀನು, ಮನೆ ಪೂರ್ತಿ ಹಿರೀ ಮಗನಿಗೆ, 1964ರ ಕಾಯ್ದೆ ಬರೋವರೆಗೂ ಹಂಗೇ ಇತ್ತು. ತಮ್ಮ, ತಂಗಿಗೆ ಮನೆಯಿಲ್ಲ. ನಮ್ಮಲ್ಲಿ ಪಾಲಾಗುತ್ತೆ. ತೀರ್ಥಹಳ್ಳಿ ಹತ್ರ ನಮ್ಮಜ್ಜನ ತೊಟ್ಟಿ ಮನೆ ಹಂಗೇ ಪಾಲಾಗಿದ್ದು. ಅತ್ತೆಯೋರು ಪಾಲು ಕೇಳಿದ್ದು ತಪ್ಪು ಅಂತ ನಾನಂತೂ ಹೇಳಲ್ಲ, ಅವ್ರೂ ಆ ಅಂಗಳದಲ್ಲೇ ಆಡಿ ಬೆಳೆದೋರು. ಆದ್ರೆ ತೊಟ್ಟಿ ಮಧ್ಯಕ್ಕೆ ಗೋಡೆ ಬಂತು, ದೊಡ್ಡಪ್ಪನ ಕಡೆ ಅರ್ಧ ಕೆಡವಿ ಆರ್‌ಸಿಸಿ ಆಯ್ತು, ಹಲಸಿನ ಮರದ ಕಂಬಗಳು ಯಾವ್ದೋ ರೆಸಾರ್ಟಿನ ರಿಸೆಪ್ಶನ್ನಲ್ಲಿ ನಿಂತಿವೆ. ಅಲ್ಲಿ ಫೋಟೋ ತೆಗೆಸ್ಕೊಳೋರಿಗೆ ಅದು ಯಾರ ಮನೇದು ಅಂತ ಗೊತ್ತೇ ಇರಲ್ಲ.

ಇವರ ಆಸ್ತಿ ಪದ್ಧತಿ ನಂಗೆ ಬೇಡ, ಇವರ ಶನಿವಾರ ಬೇಕು. ನಾವು ಹಳೇ ಮನೆಗೆ ಹೋಗೋದು ಯಾವಾಗ ಹೇಳಿ, ಮದುವೆ, ಪೂಜೆ, ತಿಥಿ. ನೆಂಟ್ರಾಗಿದ್ರೆ ಸೀದಾ ಅಡುಗೆ ಮನೆವರೆಗೂ ಹೋಗ್ಬೋದು, ನೆಂಟ್ರಲ್ದಿದ್ರೆ ಪಕ್ಕದೂರಿನ ಮನೆ ಒಳಗೆ ಹೆಂಗಿದೆ ಅಂತನೂ ಗೊತ್ತಾಗಲ್ಲ. ಇಲ್ಲಿ ಗುರುತು ಪರಿಚಯ ಇಲ್ದೋರು ಮೂವತ್ತು ಜನ ದುಡ್ಡು ಕೊಟ್ಟು ಬಂದು ಸೂರಿಗೆಷ್ಟು ಖರ್ಚಾಯ್ತು, ಹುಳ ಹಿಡಿದ ತೊಲೆ ಏನ್ಮಾಡಿದ್ರಿ ಅಂತ ಕೇಳ್ತಾರೆ. ಬೆಂಗಳೂರಲ್ಲಿ ಹಳೇ ಕಟ್ಟಡ ಉಳಿಸೋ ಸಂಸ್ಥೆ ಇಂಟ್ಯಾಕ್‌ನೋರು ಹೆರಿಟೇಜ್ ವಾಕ್ ಮಾಡ್ತಾರೆ, ಸರಿ, ನಮ್ಮ ಕಡೆ ಯಾರು ಬರ್ಬೇಕು.

ಮೊನ್ನೆ ಚಿಕ್ಕಪ್ಪಂಗೆ ಫೋನ್ ಮಾಡಿ ಇದನ್ನೇ ಹೇಳಿದೆ, ನಮ್ಮ ಪಾಲಿನ ಅರ್ಧ ಇನ್ನೂ ನಿಂತಿದೆಯಲ್ಲ, ವರ್ಷಕ್ಕೆ ನಾಲ್ಕು ದಿನ ಜನಕ್ಕೆ ತೋರ್ಸಣ, ತಲೆಗೆ ಇನ್ನೂರು ರೂಪಾಯಿ ಟಿಕೆಟ್, ಹಂಚಿನ ಖರ್ಚಾದ್ರೂ ಬರುತ್ತೆ.

"ಎಂತ ಮಾತಾಡ್ತೀಯ ಮಾರಾಯ, ಮನೆಗೆ ಬಂದೋರ ಹತ್ರ ದುಡ್ಡು ಇಸ್ಕೊಳೋದಾ?"

ಇಲ್ಲಿ ಹಂಗೇ ಚಿಕ್ಕಪ್ಪ, ಟೀಗೂ ಬೇರೆ ದುಡ್ಡು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ಹೇಳಿದ್ರು, "ಊಟ ಹಾಕ್ದೇ ಕಳ್ಸಕ್ಕೆ ಆಗದಿಲ್ಲ. ಟಿಕೆಟ್ ಗಿಕೆಟ್ ಬ್ಯಾಡ, ದೇವರ ಕೋಣೆ ಎದ್ರಿಗೆ ಒಂದು ಹುಂಡಿ ಇಡಣ, ಹಾಕೋರು ಹಾಕ್ಲಿ."