ಬಣ್ಣಕ್ಕೆ ದುಡ್ಡಿದೆ, ಕಿಂಗ್‌ಪಿನ್ನಿಗೆ ಇಲ್ಲ

ಈ ಭಾನುವಾರ ಚಿಕ್ಕಮಗಳೂರಿನ ಝರಿ ಫಾಲ್ಸ್ ಕಡೆಗಿಳಿಯೋ ಮಣ್ಣುದಾರೀಲಿ ಒಂದು ಸಿಜೆ3ಬಿ (ಮಹೀಂದ್ರದ ಹಳೇ ಜೀಪು) ಹೂತುಕೊಂಡು ನಿಂತಿತ್ತು. ಮಿಲಿಟರಿ ಹಸಿರು, ಅದೂ ಮ್ಯಾಟ್ ಫಿನಿಶ್. 31 ಇಂಚಿನ ಮಡ್ ಟೈರು, ಮುಂದೆ ವಿಂಚು (ಹೂತ ಗಾಡಿ ಎಳೆಯೋ ಹಗ್ಗದ ರಾಟೆ), ಮೇಲೆ ಎಲ್‌ಇಡಿ ಬಾರು, ಪಕ್ಕಕ್ಕೆ ಕಟ್ಟಿದ ಸಲಿಕೆ (ಅದರ ಕಾವಿಗೂ ಪಾಲಿಶ್ ಹೊಡೆದಿದ್ರು). ಫೋರ್ ವೀಲ್ ಲಿವರ್ ಎಳೆದಿದ್ದಾರೆ, ಮುಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟು ಗಿರಗಿರ ತಿರುಗ್ತಿದೆ, ಮುಂದಿನ ಚಕ್ರಗಳು ಮಾತ್ರ ಅಲುಗಾಡ್ತಿಲ್ಲ. ಯಾಕಂದ್ರೆ ಎರಡೂ ಕಡೆಯ ಲಾಕ್ ಹಬ್ಬು (ಚಕ್ರವನ್ನ ಆಕ್ಸಲ್ಲಿಗೆ ಸೇರಿಸೋ, ಬಿಡಿಸೋ ಸಾಧನ) ಫ್ರೀನಲ್ಲಿದೆ. ಕೆಳಗಿಳಿದು ಎರಡು ಹಬ್ ತಿರುಗಿಸಿದ್ರೆ ಮುಗೀತು. ಓನರ್ ಸಾಹೇಬ್ರು ಆಕ್ಸಿಲರೇಟರ್ ತುಳಿದೂ ತುಳಿದೂ ಹಿಂದಿನ ಚಕ್ರಗಳನ್ನ ಆಕ್ಸಲ್ ಮುಟ್ಟೋವರೆಗೆ ಇಳಿಸಿಬಿಟ್ಟಿದ್ರು. ಜೊತೆಗಿದ್ದವರು ರೀಲ್ ಮಾಡ್ತಾ ಇದ್ರು.

ಗಾಡಿ ಹೂತಿದ್ದಕ್ಕೆ ನಂಗೆ ಸಿಟ್ಟಿಲ್ಲ. ಮಣ್ಣಿಗಿಳಿದ ಜೀಪು ಹೂತೇ ಹೂಳುತ್ತೆ. ಸಿಟ್ಟು ಬಂದಿದ್ದು ಆ ಗಾಡಿಯ ಅಡಿ ನೋಡಿ. ಮುಂದಿನ ನಕಲ್ಲಿನ (ಚಕ್ರ ತಿರುಗೋ ಗೆಣ್ಣು) ಫೆಲ್ಟ್ ಸೀಲು ಹರಿದು ಜೋತಾಡ್ತಿದೆ, ಟೈರಿನ ಒಳಮೈಗೆಲ್ಲ ಕಪ್ಪು ಎಣ್ಣೆ ಇಳಿದಿದೆ, ಯುಜೆ ಕ್ರಾಸು (ಶಾಫ್ಟಿನ ಕೀಲು) ಗ್ರೀಸ್ ಕಂಡು ಎಷ್ಟು ಕಾಲ ಆಯ್ತೋ. ಮೇಲೆ ಲಕ್ಷಗಟ್ಟಲೆ ಸುರಿದಿದ್ದಾರೆ, ಕೆಳಗೆ ಒಂದು ಡಬ್ಬ ಗ್ರೀಸಿಗೂ ಗತಿಯಿಲ್ಲ. ಇದು ಒಬ್ಬರ ಕಥೆಯಾಗಿದ್ರೆ ಬರೀತಾನೇ ಇರ್ಲಿಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಎಲ್ಲಿ ನೋಡಿದ್ರೂ ಇದೇ ಹಾಡು.

ಹಬ್ಬಿನ ವಿಷ್ಯ ಮೊದಲು ಮುಗಿಸ್ತೀನಿ. ಹಳೇ ವಿಲ್ಲಿಸ್ (ಜೀಪು ಮಾಡಿದ ಅಮೆರಿಕದ ಕಂಪನಿ) ಗಾಡಿಗಳಿಗೆ ಕಂಪನಿಯಿಂದ ಈ ಲಾಕ್ ಹಬ್ ಬರ್ತಿರ್ಲಿಲ್ಲ, ಆಮೇಲೆ ಹಾಕಿಸ್ಕೊಂಡಿದ್ದು. ಟೂ ವೀಲಲ್ಲಿ ಓಡುವಾಗ ಮುಂದಿನ ಡಿಫರೆನ್ಷಿಯಲ್ಲು (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು), ಶಾಫ್ಟು ಸುಮ್ನೆ ತಿರುಗಿ ಸವೆಯೋದು ಬೇಡ ಅಂತ. ಸರಿಯಾದ ಉಪಾಯವೇ. ಆದ್ರೆ ಮಳೆಗಾಲ ಶುರುವಾದ ಮೇಲೆ ಹಬ್ ಲಾಕ್ ಮಾಡಿ ಹಾಗೇ ಬಿಡಿ. ಲಿವರ್ ಟೂ ವೀಲಲ್ಲಿ ಇರೋವರೆಗೂ ಟಾರ್ ರಸ್ತೇಲೂ ಏನೂ ಹಾಳಾಗಲ್ಲ, ಡೀಸೆಲ್ ಒಂದು ಚೂರು ಹೆಚ್ಚು ಕುಡಿಯುತ್ತೆ ಅಷ್ಟೆ. ಬೇಸಿಗೇಲೂ ತಿಂಗಳಿಗೊಮ್ಮೆ ಲಾಕ್ ಮಾಡಿ ಸ್ವಲ್ಪ ದೂರ ಓಡಿಸಿ. ಮುಂದಿನ ಡಿಫರೆನ್ಷಿಯಲ್ಲಿನ ಆಯಿಲ್ಲು ಮೇಲಿನ ಗೇರು, ಬೇರಿಂಗಿಗೆ ಹತ್ತೋದು ಅದು ತಿರುಗಿದಾಗ ಮಾತ್ರ.

ಇದರ ಉಲ್ಟಾ ಪಂಗಡವೂ ಇದೆ. ಹೊಸ ಗಾಡಿ ತಗೊಂಡು, ಕೈಮರದಿಂದ ಮುಳ್ಳಯ್ಯನಗಿರಿಗೆ ಒಣ ಟಾರ್ ರಸ್ತೇಲಿ 4ಎಚ್ (ಫೋರ್ ವೀಲ್, ಮಾಮೂಲಿ ವೇಗದ್ದು) ಹಾಕ್ಕೊಂಡು ಹತ್ತೋರು. ಘಾಟಿ ಅಲ್ವಾ, ಗ್ರಿಪ್ ಬೇಕಲ್ವಾ ಅಂತಾರೆ. ಹಳೇ ಜೀಪು, ಜಿಪ್ಸಿ, ಥಾರ್, ಜಿಮ್ನಿ, ಇವೆಲ್ಲ ಪಾರ್ಟ್ ಟೈಮ್ ಫೋರ್ ವೀಲ್. ನಡುವೆ ಡಿಫರೆನ್ಷಿಯಲ್ ಇಲ್ಲ, ಮುಂದಿನ ಹಿಂದಿನ ಶಾಫ್ಟು ಒಂದೇ ವೇಗದಲ್ಲಿ ತಿರುಗ್ಲೇಬೇಕು. ತಿರುವಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡ್ತವೆ. ಕೆಸರಲ್ಲಾದ್ರೆ ಟೈರು ಚೂರು ಜಾರಿ ಆ ವ್ಯತ್ಯಾಸ ನುಂಗುತ್ತೆ. ಒಣ ಟಾರಲ್ಲಿ ಜಾರಕ್ಕಾಗಲ್ಲ, ಆ ಬಿಗಿತವೆಲ್ಲ ಯುಜೆ ಕ್ರಾಸು, ಆಕ್ಸಲ್ಲು, ಟ್ರಾನ್ಸ್‌ಫರ್ ಕೇಸಿನ (ಶಕ್ತಿಯನ್ನ ಮುಂದಕ್ಕೂ ಹಿಂದಕ್ಕೂ ಹಂಚೋ ಪೆಟ್ಟಿಗೆ) ಗೇರಿಗೆ ಕೂರುತ್ತೆ. ಸ್ಟೀರಿಂಗ್ ಗಟ್ಟಿಯಾಗೋದು, ತಿರುವಲ್ಲಿ ಗಾಡಿ ಎಳೆದು ಹಿಡಿದ ಹಾಗಾಗೋದು, ಕೊನೆಗೆ ಲಿವರ್ ವಾಪಸ್ ಬರದೇ ಇರೋದು, ಎಲ್ಲಾ ಇದರಿಂದಲೇ. ಲಿವರ್ ಸಿಕ್ಕಿಕೊಂಡ್ರೆ ಕಾಲಲ್ಲಿ ಒದೀಬೇಡಿ ಮಾರಾಯ್ರೆ. ಸ್ಟೀರಿಂಗ್ ನೇರ ಇಟ್ಟು ಹತ್ತಿಪ್ಪತ್ತು ಅಡಿ ರಿವರ್ಸ್ ಬನ್ನಿ, ಬಿಗಿತ ಬಿಡುತ್ತೆ. ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಹಾಕಿದ್ರೂ ಇದೇ ಗೋಳು, ನೇರ ರಸ್ತೇಲೂ.

ಇನ್ನು ನಮ್ಮ ಹಸಿರು ಜೀಪಿನಂಥವು. ಇವು ಯಾವ ಲೆಕ್ಕದಲ್ಲಿ ಹುಟ್ಟಿದ ಗಾಡಿ ಅನ್ನೋದನ್ನಾದ್ರೂ ಯೋಚಿಸ್ಬೇಕು. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಮೊದಲ ಮಾದರಿ ಮಾಡಿಕೊಟ್ಟಿದ್ದು ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ. ಯುದ್ಧ ಮುಗಿಯೋದ್ರೊಳಗೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಮಾಡಿದ್ವು. 1947ರಲ್ಲಿ ಮಹೀಂದ್ರ ಮುಂಬೈಯಲ್ಲಿ ವಿಲ್ಲಿಸ್ ಜೋಡಿಸೋಕೆ ಶುರು ಮಾಡ್ತು. ಸಿಜೆ3ಬಿ ಬಂದಿದ್ದು 1953ರಲ್ಲಿ. ಅದರ ಹರಿಕೇನ್ ಎಂಜಿನ್ನಲ್ಲಿ ಇನ್‌ಟೇಕ್ ವಾಲ್ವು ಹೆಡ್ಡಿನ ಮೇಲೆ ಕೂತಿದ್ರಿಂದ ಎಂಜಿನ್ ಎತ್ತರವಾಯ್ತು, ಅದಕ್ಕೇ ಬಾನೆಟ್ಟೂ ಎತ್ತರ. ಅಮೆರಿಕದಲ್ಲಿ 1968ಕ್ಕೆ ನಿಂತ ಮಾಡೆಲ್ಲು ನಮ್ಮಲ್ಲಿ ಆಮೇಲೂ ದಶಕಗಟ್ಟಲೆ ನಡೀತು. (ಈಗ ಆ ಎತ್ತರದ ಬಾನೆಟ್ಟನ್ನ ಕೊಯ್ದು ಲೋ ಬಾನೆಟ್ ಮಾಡಿಸೋ ಶೋಕಿ. ರೇಡಿಯೇಟರ್ ಎಲ್ಲಿಗೆ ಹೋಗ್ಬೇಕು ಅಂತ ಯಾರೂ ಕೇಳಲ್ಲ, ಘಾಟೀಲಿ ನೀರು ಕುದ್ದಾಗ ಕೇಳ್ತಾರೆ.) ಸೈನಿಕ ಆಗಾಗ ಅಡಿಗೆ ನುಗ್ಗಿ ಗ್ರೀಸ್ ಹೊಡೀತಾನೆ ಅನ್ನೋ ನಂಬಿಕೆ ಮೇಲೇ ಈ ಗಾಡಿ ಕಟ್ಟಿದ್ದು. ಸಿವಿಲ್ ಮಾಡೆಲ್ಲಿನ ಕೈಪಿಡೀಲೂ ಚಾಸಿ ಗ್ರೀಸಿಂಗ್ ಪ್ರತಿ 1000 ಮೈಲಿಗೆ. ನಮ್ಮೋರು ವರ್ಷಕ್ಕೊಮ್ಮೆ ಆಯುಧಪೂಜೆಗೆ ತೊಳೆದು ಕುಂಬಳಕಾಯಿ ಒಡೀತಾರೆ.

40-50 ಕಿಲೋಮೀಟರ್ ವೇಗದಲ್ಲಿ ಒಂದು ಗುಂಡಿ ಹಾರಿಸಿದ ಕೂಡ್ಲೇ ಮುಂದಿನ ಚಕ್ರಗಳು ಕುಣಿಯೋಕೆ ಶುರು ಮಾಡಿ, ಸ್ಟೀರಿಂಗ್ ಕೈಯಿಂದ ಕಿತ್ಕೊಂಡು ಹೋಗುತ್ತಲ್ಲ, ಅದು ಹಳೇ ಜೀಪಿನ ಲಕ್ಷಣ ಅಂತ ನಂಬಿಸಿಬಿಟ್ಟಿದ್ದಾರೆ. ಲಕ್ಷಣ ಅಲ್ಲ, ರೋಗ. ಸ್ಟೀರಿಂಗ್ ಡ್ಯಾಂಪರ್ (ಅಲುಗಾಟ ತಡೆಯೋ ಸಣ್ಣ ಶಾಕ್ ಅಬ್ಸಾರ್ಬರ್) ಹಾಕಿಸಿದ್ರೆ ಒಂದಷ್ಟು ದಿನ ಮುಚ್ಚಿಡುತ್ತೆ, ವಾಸಿ ಮಾಡಲ್ಲ. ಮುಂದಿನ ಆಕ್ಸಲ್ಲಿಗೆ ಜಾಕ್ ಕೊಟ್ಟು ಚಕ್ರ ಎತ್ತಿ. ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ ಇದ್ಯಾ? ಈಗ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ. ಆಟ ನಿಂತ್ರೆ ವೀಲ್ ಬೇರಿಂಗು, ನಿಲ್ಲದಿದ್ರೆ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ತಿರುಗೋ ಗೂಟ) ಬೇರಿಂಗು. ಆಮೇಲೆ ಎಡಬಲ ಹಿಡಿದು ಅಲ್ಲಾಡಿಸಿ, ಅಲ್ಲಿ ಆಟ ಕಂಡ್ರೆ ಟೈ ರಾಡ್ ಎಂಡು (ಎರಡೂ ಚಕ್ರ ಸೇರಿಸೋ ಸ್ಟೀರಿಂಗ್ ಸರಳಿನ ತುದಿ).

ವೀಲ್ ಬೇರಿಂಗ್ ಆದ್ರೆ ಸುಲಭ. ಒಳಗಿನ ನಟ್ಟನ್ನ ಡ್ರಮ್ಮು ಹಿಡಿಯೋವರೆಗೆ ಬಿಗಿ ಮಾಡಿ, ಒಂದು ಸುತ್ತಿನ ಆರನೇ ಒಂದು ಭಾಗ ಸಡಿಲಿಸಿ, ಲಾಕ್ ವಾಷರ್ ಹಾಕಿ, ಹೊರಗಿನ ನಟ್ಟು ಬಿಗಿದು, ವಾಷರಿನ ಅಂಚು ಮಡಚಿ. ಹಳೇ ವಾಷರನ್ನೇ ಮತ್ತೆ ಮಡಚೋ ಮೆಕ್ಯಾನಿಕ್ ಇದ್ರೆ ಜಾಗ ಬದಲಾಯಿಸಿ. ಕಿಂಗ್‌ಪಿನ್ ಆದ್ರೆ ಬೇರಿಂಗು, ಅದು ಕೂರೋ ಬಟ್ಟಲು ನೋಡಿ, ಗುಳಿ ಬಿದ್ದಿದ್ರೆ ಹೊಸದು ಹಾಕಿ, ಚೆನ್ನಾಗಿದ್ರೆ ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆದು ಬಿಗಿತ ತರಬೇಕು. ಎಡವಟ್ಟಾಗೋದು ಇಲ್ಲೇ. ಕೈಗೆ ಸುಲಭ ಅಂತ ಮೇಲಿನ ಶಿಮ್ಮುಗಳನ್ನಷ್ಟೇ ತೆಗೀತಾರೆ. ಮೇಲೆ ಕೆಳಗೆ ಸಮ ದಪ್ಪ ಉಳೀಬೇಕು, ಇಲ್ಲದಿದ್ರೆ ಆಕ್ಸಲ್ ಶಾಫ್ಟು ನಕಲ್ಲಿನ ನಡುಮಧ್ಯ ನಿಲ್ಲಲ್ಲ, ಜಾಯಿಂಟು ತಿನ್ನೋಕೆ ಶುರು.

ಇಷ್ಟೆಲ್ಲ ಸಡಿಲ ಇರೋ ಮುಂಭಾಗಕ್ಕೆ 31 ಇಂಚಿನ ಟೈರು ಹಾಕ್ತಾರೆ ನೋಡಿ, ಅಲ್ಲಿಗೆ ಕಥೆ ಮುಗೀತು. ಕಂಪನಿ ಕೊಟ್ಟಿದ್ದು 6.00-16 (6 ಇಂಚು ಅಗಲ, 16 ಇಂಚಿನ ರಿಮ್ಮು). ದೊಡ್ಡ ಟೈರಿನ ತೂಕವೆಲ್ಲ ಅದೇ ಕಿಂಗ್‌ಪಿನ್ನಿಗೆ, ಅದೇ ಸ್ಟೀರಿಂಗ್ ಬಾಕ್ಸಿಗೆ. ಹೊರಗೆ ಚಾಚಿದ ರಿಮ್ಮಾದ್ರೆ ಇನ್ನೂ ಹೆಚ್ಚು. ಗೇರಿಂಗ್ ಶೇಕಡ 8ರ ಆಸುಪಾಸು ಉದ್ದವಾಗುತ್ತೆ (ಅಂದ್ರೆ ಎಳೆತ ಅಷ್ಟು ಕಮ್ಮಿ), ಸ್ಪೀಡೋಮೀಟರು ಅಷ್ಟೇ ಕಡಿಮೆ ತೋರ್ಸುತ್ತೆ, ಡ್ರಮ್ ಬ್ರೇಕಿಗೆ ಹೊರೆ ಜಾಸ್ತಿ. ಗಾಡಿ ಯಾಕೋ ಎಳೀತಿಲ್ಲ, ಎಂಜಿನ್ ಬದಲಾಯಿಸ್ಬೇಕು ಅನ್ನೋ ಮುಂದಿನ ಖರ್ಚು ಹುಟ್ಟೋದು ಇಲ್ಲಿಂದ.

ಕಳಸದ ಕಡೆ ಹೋಗಿ. ಕುದುರೆಮುಖ ಚಾರಣದವರನ್ನ ಬಾಳೆಗಲ್ಲಿಂದ ಮುಳ್ಳೋಡಿಗೆ ಕರ್ಕೊಂಡು ಹೋಗೋ ಜೀಪುಗಳ ಟೈರು ನೋಡಿ. ಅಗಲ ಕಡಿಮೆಯ ಸಣ್ಣ ಟೈರು. ನಮ್ಮ ಕೆಸರು ಮೇಲೆ ಪಾಯಸ, ಅಡಿಗೆ ಗಟ್ಟಿ ಜಂಬಿಟ್ಟಿಗೆ. ಸಣ್ಣ ಟೈರು ಆ ಮೇಲಿನ ಪದರ ಸೀಳಿ ಗಟ್ಟಿ ನೆಲ ಮುಟ್ಟುತ್ತೆ, ಅಗಲದ್ದು ಮೇಲೇ ತೇಲಿ ಜಾರುತ್ತೆ. ಅದೂ ಸಾಲದಿದ್ರೆ ತೋಟದವರು ಹಿಂದಿನ ಚಕ್ರಕ್ಕೆ ಚೈನ್ ಕಟ್ತಾರೆ. ಚೈನು ನೆಲಕ್ಕೆ ಹಾಸಿ, ಅದರ ಮೇಲೆ ಗಾಡಿ ಹತ್ತಿಸಿ, ಒಳಬದಿಯ ಕೊಂಡಿ ಮೊದಲು, ಹೊರಬದಿಯದು ಆಮೇಲೆ. ಐವತ್ತು ಮೀಟರ್ ಓಡಿಸಿ ಮತ್ತೆ ಬಿಗೀಬೇಕು. ಸಡಿಲ ಬಿಟ್ರೆ ಹೊರಳಿ ಹೊಡೆದು ಬ್ರೇಕ್ ಪೈಪ್ ಕೀಳುತ್ತೆ. ಟಾರ್ ಸಿಕ್ಕ ಕೂಡ್ಲೇ ಬಿಚ್ಚಬೇಕು. ಗಾಳಿ ಇಳಿಸೋದಾದ್ರೆ 18 ಪಿಎಸ್‌ಐವರೆಗೆ ಸಾಕು. ಟ್ಯೂಬ್ ಇರೋ ಟೈರಿಗೆ ಅದಕ್ಕಿಂತ ತೀರಾ ಕೆಳಗೆ ಹೋದ್ರೆ ರಿಮ್ಮಿನ ಮೇಲೆ ಟೈರು ಜಾರಿ ವಾಲ್ವಿನ ಕುತ್ತಿಗೆ ಕಿತ್ಕೊಂಡು ಬರುತ್ತೆ.

ಹೊಳೆ ದಾಟಿದ ಫೋಟೋ ಹಾಕೋರಿಗೂ ಒಂದು ಮಾತಿದೆ. ಓಡಿ ಬಿಸಿಯಾದ ಆಕ್ಸಲ್ಲು ತಣ್ಣೀರಿಗಿಳಿದ ಕೂಡ್ಲೇ ಒಳಗಿನ ಗಾಳಿ ಕುಗ್ಗುತ್ತೆ. ಬ್ರೀದರ್ (ಆಕ್ಸಲ್ಲು ಗಾಳಿಯಾಡೋ ತೂತು) ಕೆಸರು ಕಟ್ಟಿದ್ರೆ ಸೀಲಿನ ಸಂದಿಯಿಂದ ನೀರು ಎಳ್ಕೊಳ್ಳುತ್ತೆ. ಗಾಡಿ ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಡ್ರೇನ್ ಪ್ಲಗ್ ಸ್ವಲ್ಪ ಸಡಿಲಿಸಿ, ನೀರಿದ್ರೆ ಅದೇ ಮೊದಲು ಹನಿಯುತ್ತೆ. ಓಡಿಸಿಬಿಟ್ಟಿದ್ರೆ ಆಯಿಲ್ಲು ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿರುತ್ತೆ, ಪೂರ್ತಿ ಬದಲಾಯಿಸ್ಬೇಕು. ಆಯಿಲ್ ಇಳಿಸೋ ಮೊದಲು ತುಂಬೋ ಪ್ಲಗ್ ಬಿಚ್ಚಕ್ಕಾಗುತ್ತಾ ನೋಡ್ಕೊಳ್ಳಿ. ಎಲ್ಲಾ ಇಳಿಸಿದ ಮೇಲೆ ಅದು ತುಕ್ಕು ಹಿಡಿದು ಕೂತಿರೋದು ಗೊತ್ತಾದ್ರೆ ಗಾಡಿ ಅಲ್ಲೇ. ಯುಜೆ ಕ್ರಾಸಿಗೆ ಗ್ರೀಸ್ ಗನ್ ಹೊಡೆದ್ರೆ ನಾಲ್ಕೂ ತುದಿಯ ಬೇರಿಂಗ್ ಬಟ್ಟಲಿನಿಂದ ಹೊಸ ಗ್ರೀಸ್ ಹೊರಗೆ ಬರೋವರೆಗೂ ಹೊಡೀಬೇಕು. ಮೂರರಲ್ಲಿ ಬಂತು ಅಂತ ಬಿಟ್ರೆ ಮುರಿಯೋದು ಆ ನಾಲ್ಕನೇದೇ.

ಇನ್ನೊಂದು, ಜೀವದ ಪ್ರಶ್ನೆ. ಹಳೇ ಸಿಜೆ3ಬಿಯ ಹ್ಯಾಂಡ್ ಬ್ರೇಕ್ ಇರೋದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದೀಲಿ, ಶಾಫ್ಟಿನ ಮೇಲೆ. ಹಿಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿದ್ರೆ ಡಿಫರೆನ್ಷಿಯಲ್ ದಾರಿಯಾಗಿ ಎತ್ತಿದ ಚಕ್ರ ತಿರುಗಿ, ಹ್ಯಾಂಡ್ ಬ್ರೇಕ್ ಹಾಕಿದ್ರೂ ಗಾಡಿ ಉರುಳುತ್ತೆ. ಕಲ್ಲು ಕೊಡದೆ ಅಡಿಗೆ ನುಗ್ಗಬೇಡಿ. ಆ ಡ್ರಮ್ಮಿಗೆ ಆಯಿಲ್ ಸೀಲ್ ಸೋರಿದ್ರೆ ಬ್ರೇಕ್ ಹಿಡಿಯೋದೇ ಇಲ್ಲ. ಗೇರ್ ಬಾಕ್ಸಿನ ಆಯಿಲ್ಲು ಮೆಲ್ಲಗೆ ಟ್ರಾನ್ಸ್‌ಫರ್ ಕೇಸಿಗೆ ದಾಟೋದೂ ಈ ಗಾಡಿಗಳಲ್ಲಿ ಮಾಮೂಲು, ಎರಡರ ಲೆವೆಲ್ಲೂ ನೋಡ್ಬೇಕು.

ಅವರ ದುಡ್ಡು, ಅವರ ಶೋಕಿ, ನಿಂಗ್ಯಾಕೆ ಹೊಟ್ಟೆಉರಿ ಅಂತ ಕೆಳಗೆ ಒಬ್ರು ಬರೀತಾರೆ, ಗೊತ್ತು. ಒಪ್ಪಿದೆ, ಚೆಂದ ಬಣ್ಣ ಹೊಡೆದ ಹಳೇ ಜೀಪು ಕಂಡ್ರೆ ನನ್ನ ಕಣ್ಣೂ ಅಲ್ಲೇ ನಿಲ್ಲುತ್ತೆ, ಸುಳ್ಳು ಹೇಳಲ್ಲ. ಆದ್ರೆ ಬ್ರೇಕಿಲ್ಲದ ಶೋಕಿ ಎದುರಿಂದ ಬರೋದು ನಮ್ಮ ಚಾರ್ಮಾಡಿ, ಶಿರಾಡಿಯಲ್ಲಿ. ಇನ್ನೊಬ್ರು, ಹೊಸ ಥಾರ್ ತಗೊಳ್ಳಿ, ಈ ತಲೆನೋವೇ ಇಲ್ಲ ಅಂತಾರೆ. ತಗೊಳ್ಳಿ. 2020ರ ಥಾರ್ ಒಳ್ಳೇ ಗಾಡಿ, 2023ರ ಜಿಮ್ನಿ ಹಿಂದೆ ಮುಂದೆ ಎರಡೂ ಕಡೆ ರಿಜಿಡ್ ಆಕ್ಸಲ್ (ಎರಡು ಚಕ್ರಕ್ಕೂ ಒಂದೇ ಗಟ್ಟಿ ದಂಡ) ಇರೋ ಹಗುರ ಗಾಡಿ, ಜಿಪ್ಸಿಯ ಮರ್ಯಾದೆ ಉಳಿಸಿದೆ. ಆದ್ರೆ 2023ರ ಜನವರಿಯಿಂದ ಥಾರ್ ಹಿಂದಿನ ಚಕ್ರಕ್ಕಷ್ಟೇ ಡ್ರೈವ್ ಇರೋ ಮಾಡೆಲ್ಲಲ್ಲೂ ಬರ್ತಿದೆ. ಅದನ್ನ ತಗೊಂಡು ಜೂನಲ್ಲಿ ತೋಟದ ಏರಿಗೆ ನುಗ್ಗೋರನ್ನ ದೇವರೇ ಕಾಪಾಡ್ಬೇಕು. ಹೊಸ ಗಾಡಿಗೂ ಮೊದಲು ಹಾಕಿಸೋದು ಕಬ್ಬಿಣದ ಬಂಪರ್ರೇ. ಕ್ರ್ಯಾಶ್ ಗಾರ್ಡ್ ಬೇಡ ಅಂತ ಕೇಂದ್ರ 2017ರ ಡಿಸೆಂಬರಲ್ಲೇ ರಾಜ್ಯಗಳಿಗೆ ಬರೆದಿದೆ, ಕಂಪನಿ ಮಾಡಿದ್ದನ್ನ ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರೀಲಿ ಸುಪ್ರೀಂ ಕೋರ್ಟೂ ಹೇಳಿದೆ. ಕೇಳೋರ್ಯಾರು.

ಇಷ್ಟಾದ ಮೇಲೂ ಹಳೇದೇ ಬೇಕು ಅನ್ನೋರು ಒಂದು ಸುತ್ತಿಗೆ ತಗೊಂಡು ಹೋಗಿ. ತೋಟದ ಜೀಪುಗಳಲ್ಲಿ ಗೊಬ್ಬರ ಹೊತ್ತಿರ್ತಾರೆ. ಪೊಟ್ಯಾಶ್ ಅಂದ್ರೆ ಉಪ್ಪೇ, ಚೆಲ್ಲಿದ್ದು ಒದ್ದೆಯಾಗಿ ಚಾಸಿಯ ಸಂದಿ ಸೇರಿ ಒಳಗಿಂದ ತಿನ್ನುತ್ತೆ. ಹಿಂದಿನ ಕ್ರಾಸ್ ಮೆಂಬರು, ಸ್ಪ್ರಿಂಗ್ ಹ್ಯಾಂಗರಿನ ಬುಡ, ಗೇರ್ ಬಾಕ್ಸ್ ಕೂರೋ ಪಟ್ಟಿ, ಇಷ್ಟಕ್ಕೂ ತಟ್ಟಿ. ಟಣ್ ಅಂದ್ರೆ ಸರಿ, ದಬ್ ಅಂದ್ರೆ ವಾಪಸ್ ಬನ್ನಿ. ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದ್ದು ಬಾನೆಟ್ ಒಳಗೆ ಡೀಸೆಲ್ ಕೂತಿದ್ರೆ ರೇಟು ಕೇಳೋದೂ ಬೇಡ. ಚಾಸಿ ನಂಬರ್ ಮೇಲೆ ಬಣ್ಣ ದಪ್ಪ ಇದ್ರೆ ಕೆರೆಯೋಕೆ ಹೇಳಿ, ಮುಖ ನೋಡಿ.

ಗಾಡಿ ನೋಡಿ ಹೇಳಿ ಅಂತ ಇನ್‌ಬಾಕ್ಸಿಗೆ ಬಂದಿರೋರಿಗೆಲ್ಲ ಸೇರಿಸಿ ಇಲ್ಲೇ ಹೇಳ್ತೀನಿ. ಬರ್ತೀನಿ. ಆದ್ರೆ ಅಡಿಗೆ ಪ್ರೆಷರ್ ವಾಶ್ ಹೊಡೆಸಿ, ಕಪ್ಪು ಬಣ್ಣ ಬಳಿದು ಇಡಬೇಡಿ. ಆಯಿಲ್ ಎಲ್ಲೆಲ್ಲಿಂದ ಸೋರ್ತಿದೆ ಅಂತ ನಂಗೆ ಕಾಣ್ಬೇಕು.